ಎಲ್ಲರಿಗೂ ಗೊತ್ತಿದ್ದ ಉಪಕಾರ

ಆ ಧ್ವನಿಕಡತದ ಜೊತೆ ಬಂದ ಸೂಚನೆಯಲ್ಲಿ 'ಯಥಾವತ್ತು' ಎಂದಿತ್ತು. ಮಣಿಪಾಲದ ನಮ್ಮ ಕಚೇರಿಯಲ್ಲಿ ಆ ಒಂದು ಪದ ಕಂಡರೆ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ. ಅಮೆರಿಕದ ನ್ಯಾಯಾಲಯಗಳಲ್ಲಿ ಧ್ವನಿಮುದ್ರಿಸಿದ ವಿಚಾರಣೆಗಳನ್ನು ಕೇಳಿ ಬರಹಕ್ಕೆ ಇಳಿಸುವುದು ನಮ್ಮ ಉದ್ಯೋಗ. ಸಾಮಾನ್ಯವಾಗಿ ಮಾತಾಡುವವರ ಕೆಮ್ಮು, ತೊದಲು, ಅರ್ಧಕ್ಕೆ ಬಿಟ್ಟ ವಾಕ್ಯಗಳನ್ನೆಲ್ಲ ಗುಡಿಸಿ ಹಾಕಿ ಚೊಕ್ಕ ಮಾಡಿ ಕೊಡುತ್ತೇವೆ. ಯಥಾವತ್ತು ಎಂದರೆ ಏನನ್ನೂ ಗುಡಿಸುವ ಹಾಗಿಲ್ಲ. ತೊದಲಿದರೆ ತೊದಲು, ಸುಮ್ಮನಾದರೆ ಸುಮ್ಮನಾದದ್ದು ಕೂಡ ಪುಟದ ಮೇಲೆ ಕಾಣಬೇಕು. ನಮ್ಮ ಟೀಮ್ ಲೀಡ್ ಅದನ್ನು ನನಗೆ ದಾಟಿಸಿ, "ಅಕ್ಕ, ಇದು ನಿಮ್ಮಿಂದಲೇ ಆಗುವುದು. ನಿಮಗೆ ತಾಳ್ಮೆ ಉಂಟು" ಎಂದ. ನನಗೆ ತಾಳ್ಮೆ ಇಲ್ಲ. ಸಿಟ್ಟು ಬಂದರೂ ಕೆಲಸ ನಿಲ್ಲಿಸುವುದಿಲ್ಲ, ಅಷ್ಟೇ. ಅದನ್ನೇ ಆ ಹುಡುಗ ತಾಳ್ಮೆ ಎಂದುಕೊಂಡಿದ್ದಾನೆ.

ಹೆಸರು, ಊರು ಯಾವುದನ್ನೂ ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಿದವಳು ನಾನು. ಆದ್ದರಿಂದ ಇಲ್ಲಿ ಯಾರಿಗೂ ಹೆಸರಿಲ್ಲ, ಗುರುತು ಸಿಗದ ಹಾಗೆ ವಿವರಗಳನ್ನೂ ಬದಲಿಸಿದ್ದೇನೆ. ಚಳಿಪ್ರದೇಶದ ಒಂದು ಸಣ್ಣ ಊರಿನ ನ್ಯಾಯಾಧೀಶರ ಮೇಲೆ ದೂರು ಬಂದು, ಅವರನ್ನೇ ಕೂರಿಸಿ ಪ್ರಶ್ನಿಸುತ್ತಿದ್ದ ಶಿಸ್ತು ಸಮಿತಿಯ ಕಲಾಪ ಅದು. ಒಬ್ಬ ಕಟ್ಟಡ ಗುತ್ತಿಗೆದಾರ ಮತ್ತು ಒಬ್ಬ ಒಂಟಿ ಮುದುಕಿಯ ನಡುವೆ ಜಾಗದ ವ್ಯಾಜ್ಯ ನಡೆದಿತ್ತು. ತೀರ್ಪು ಗುತ್ತಿಗೆದಾರನ ಕಡೆಗೆ ಹೋಯಿತು, ಮುದುಕಿ ಮನೆ ಬಿಡಬೇಕಾಯಿತು. ಆ ಗುತ್ತಿಗೆದಾರನಿಗೂ ನ್ಯಾಯಾಧೀಶರಿಗೂ ಹಳೆಯ ಸಂಬಂಧವಿತ್ತು ಎಂಬುದು ಆಮೇಲೆ ಹೊರಬಿತ್ತು.

ಈಗ ಮೊದಲ ಕರಡನ್ನು ಯಂತ್ರವೇ ಬರೆಯುತ್ತದೆ. ನಾವು ಕಿವಿಗೆ ಹೆಡ್‌ಫೋನ್ ಹಾಕಿ, ಕಾಲಿನ ಪೆಡಲ್ ಒತ್ತಿ ಧ್ವನಿಯನ್ನು ಹಿಂದೆ ಮುಂದೆ ಓಡಿಸುತ್ತ ಅದನ್ನು ತಿದ್ದುತ್ತೇವೆ. ಒಬ್ಬೊಬ್ಬರ ಮೈಕಿಗೆ ಒಂದೊಂದು ಚಾನಲ್ ಇರುತ್ತದೆ. ಎರಡು ಚಾನಲ್ ಒಟ್ಟಿಗೆ ಮಾತಾಡಿದರೆ ಯಂತ್ರ ಗಲಿಬಿಲಿಗೊಳ್ಳುತ್ತದೆ. ಈ ಕಡತದಲ್ಲಿ ನ್ಯಾಯಾಧೀಶರೂ ಅವರ ವಕೀಲರೂ ಪಕ್ಕಪಕ್ಕ ಕೂತಿದ್ದರು, ಒಬ್ಬರ ಮಾತು ಇನ್ನೊಬ್ಬರ ಮೈಕಿಗೂ ಹೋಗುತ್ತಿತ್ತು. ಇಬ್ಬರದ್ದೂ ಒಂದೇ ತರಹದ ದಪ್ಪ, ದಣಿದ ಸ್ವರ. ನಾನು ತಿದ್ದಿ ಕಳಿಸಿದ ಮೊದಲ ಭಾಗ ಹಾಗೆಯೇ ವಾಪಸು ಬಂತು. ವಕೀಲರ ಮಾತು ಕೆಲವು ಕಡೆ ನ್ಯಾಯಾಧೀಶರ ಹೆಸರಿನಲ್ಲಿ ಬಿದ್ದಿದೆ, ಮತ್ತೆ ಮೊದಲಿನಿಂದ ಮಾಡಿ ಎಂದು. ಟೀಮ್ ಲೀಡ್‌ನ ಮುಖ ಸಣ್ಣದಾಯಿತು. ನಾನು ಯಂತ್ರದ ಕರಡನ್ನು ಬದಿಗಿಟ್ಟು, ಖಾಲಿ ಪುಟ ತೆರೆದು, ಕಿವಿಯನ್ನೇ ನಂಬಿ ಮೊದಲಿನಿಂದ ಬರೆಯಲು ಕೂತೆ.

ಮುದುಕಿಯ ಸಾಕ್ಷ್ಯ ನನ್ನನ್ನು ತುಂಬಾ ಸತಾಯಿಸಿತು. ಆಕೆಗೆ ಹಲ್ಲಿಲ್ಲವೋ, ಅಥವಾ ಆ ಭಾಗದ ಮಾತೇ ಹಾಗೋ, ಪದಗಳು ಒಂದಕ್ಕೊಂದು ಅಂಟಿಕೊಂಡು ಹೊರಬರುತ್ತಿದ್ದವು. ಯಂತ್ರವಂತೂ ಆಕೆ ಹೇಳಿದ್ದನ್ನೆಲ್ಲ ಅಡುಗೆಯ ವಿಧಾನ ಮಾಡಿ ಇಟ್ಟಿತ್ತು. ಪೆಡಲ್ ಒತ್ತಿ ಒತ್ತಿ ನನ್ನ ಹಿಮ್ಮಡಿ ನೋಯಿತು. ಧ್ವನಿಯ ವೇಗ ತಗ್ಗಿಸಿ ಕೇಳಿದಾಗ ಕೊನೆಗೆ ಒಂದು ವಾಕ್ಯ ಬಿಡಿಸಿಕೊಂಡಿತು. "ಹಿಮ ತೆಗೆಯುವ ಲಾರಿಯನ್ನು ಜಡ್ಜ್ ಸಾಹೇಬರ ಗೇಟಿನಲ್ಲಿ ನಾನು ದಿನಾ ನೋಡುತ್ತಿದ್ದೆ. ಅದು ಸರ್ಕಾರದ ಲಾರಿ ಎಂದೇ ತಿಳಿದಿದ್ದೆ."

ಆಗ ನನಗೆ ಅದರ ತಲೆಬುಡ ತಿಳಿಯಲಿಲ್ಲ. ನಮ್ಮಲ್ಲಿ ಕಾನೂನಿನ ಪದಗಳನ್ನು ಪರಿಶೀಲಿಸಲು ಕಾರ್ಕಳದಿಂದ ಒಬ್ಬರು ನಿವೃತ್ತ ವಕೀಲರು ಬರುತ್ತಾರೆ. ಬಸ್ಸಿಳಿದು ಬಂದವರೇ ಮೊದಲು ಚಹಾ, ಆಮೇಲೆ ನಮ್ಮ ತಪ್ಪುಗಳು. ಅವರಲ್ಲಿ ಕೇಳಿದೆ: "ಸರ್, ಇವರು ಲಂಚ ತಿಂದದ್ದು ಎಲ್ಲಿ ಅಂತ ನನಗೆ ಇನ್ನೂ ಸಿಗಲಿಲ್ಲ."

"ಲಂಚ ಅಂದ್ರೆ ಕವರಿನಲ್ಲೇ ಬರಬೇಕಾ ಮಾರಾಯ್ರೆ?" ಎಂದು ನಕ್ಕರು. "ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಜಡ್ಜುಗಳು ಚುನಾವಣೆಗೆ ನಿಲ್ಲಬೇಕು. ನಿಲ್ಲುವುದಾದ್ರೆ ಖರ್ಚಿಗೆ ಯಾರು ಕೊಡ್ತಾರೆ? ನಾಳೆ ಅವರ ಎದುರಿಗೇ ವಾದ ಮಾಡ್ಲಿಕ್ಕೆ ಬರುವವರೇ ಕೊಡುವುದು. ಅದು ಒಂದು ಬಾಗಿಲು. ಇನ್ನೊಂದು ಉಂಟು. ಸಣ್ಣ ಊರು, ಒಂದೇ ಚರ್ಚು, ಒಂದೇ ಹೋಟೆಲು, ಎಲ್ಲರೂ ಪರಿಚಯದವರು. ಈ ಕೇಸು ನಾನು ಕೇಳಬಾರದು ಅಂತ ಬದಿಗೆ ಸರಿಯಬೇಕಾ ಬೇಡವಾ ಅಂತ ಹೆಚ್ಚಾಗಿ ತೀರ್ಮಾನ ಮಾಡುವವರೂ ಆ ಜಡ್ಜೇ. ತನ್ನ ಮೇಲೆ ತನಗೇ ಸಂಶಯ ಬರಬೇಕು ಅಂದ್ರೆ ಎಂತ ಸುಲಭವಾ?"

"ಸಂಶಯ ಬಂದರೆ ಎಂತ ಮಾಡಬೇಕು?"

"ಬಾಯಿ ಬಿಟ್ಟು ಹೇಳಬೇಕು. ಇಂಥವರಿಂದ ನನಗೆ ಇಂಥ ಉಪಕಾರ ಆಗಿದೆ ಅಂತ ಎರಡೂ ಕಡೆಯವರ ಎದುರಿಗೆ ಹೇಳಿ ಕುರ್ಚಿ ಬಿಡಬೇಕು. ಅಷ್ಟೇ ಮದ್ದು. ಹೇಳಲಿಕ್ಕೆ ಬಹಳ ಸಣ್ಣದು ಅಲ್ವಾ?"

ಈಗ ಮನೆಯ ಸಂಗತಿ ಹೇಳಬೇಕು, ಯಾಕೆಂದರೆ ಅದು ಈ ಕೆಲಸದ ನಡುವೆಯೇ ಬಂತು. ಕಾಪುವಿನಲ್ಲಿ ನಮ್ಮ ಕಡಲ ಬದಿಯ ಮೀನುಗಾರರಿಗೆ ಆಗ ನನ್ನ ಅಪ್ಪ ಗುರಿಕಾರರು. ಊರಿನ ಜಗಳಗಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಮೊದಲು ಭಜನಾ ಮಂದಿರದ ಸಭೆಗೆ ಬರುತ್ತವೆ. ಎರಡೂ ಕಡೆಯ ಮಾತು ಕೇಳಿ ಕೊನೆಯ ಮಾತು ಹೇಳುವವರು ಗುರಿಕಾರರು. ಅಪ್ಪ ಆ ಕೆಲಸವನ್ನು ಬಹಳ ಮರ್ಯಾದೆಯಿಂದ ಮಾಡಿದವರು. ಸಭೆಯ ದಿನ ಎರಡೂ ಕಡೆಯವರ ಮನೆಯ ನೀರನ್ನೂ ಕುಡಿಯುತ್ತಿರಲಿಲ್ಲ.

ಆ ತಿಂಗಳು ಬಂದ ದೂರು ಒಣಮೀನಿನ ಅಕ್ಕನದ್ದು. ಗಂಡ ತೀರಿಕೊಂಡ ಮೇಲೆ ಆಕೆ ಕಡಲ ಬದಿಯ ಒಂದು ಮರಳಿನ ಜಾಗದಲ್ಲಿ ಮೀನು ಒಣಗಿಸಿ, ಬುಟ್ಟಿ ಹೊತ್ತು ಉಡುಪಿಗೆ ಹೋಗಿ ಮಾರಿ ಬದುಕುತ್ತಿದ್ದರು. ಅತ್ತೆಯ ಕಾಲದಿಂದ ಬಂದ ಜಾಗ. ಸರ್ಕಾರದ ದಾಖಲೆಯಲ್ಲಿ ಅದು ಯಾರದ್ದೂ ಅಲ್ಲ, ಊರಿನ ವಾಡಿಕೆಯಲ್ಲಿ ಅವರದ್ದು. ಆ ಜಾಗದಲ್ಲಿ ಬಲೆ ಇಡುವ ಶೆಡ್ಡು ಕಟ್ಟುತ್ತೇನೆ ಎಂದು ನಮ್ಮ ಊರಿನ ದೊಡ್ಡ ಬೋಟಿನ ಧಣಿ ಕಂಬ ನೆಟ್ಟರು. ಜಾಗ ಹೋದರೆ ಅಕ್ಕನಿಗೆ ಬೇರೆ ದಾರಿ ಇರಲಿಲ್ಲ. ಮೀನು ಒಣಗಿಸಲು ಬಿಸಿಲು, ಗಾಳಿ, ಮರಳು ಮೂರೂ ಬೇಕು. ನೆರೆಹೊರೆಯವರ ಮೂಗಿನಿಂದ ಸ್ವಲ್ಪ ದೂರವೂ ಇರಬೇಕು.

ಧಣಿ ಕೆಟ್ಟವರಲ್ಲ. ಅದನ್ನು ಬರೆಯದೆ ಮುಂದೆ ಹೋಗಲಾರೆ. ನನ್ನ ಅಮ್ಮನ ಕಿಡ್ನಿಗಳು ಕೈಕೊಟ್ಟು ಡಯಾಲಿಸಿಸಿಗೆ ಮಣಿಪಾಲಕ್ಕೆ ಓಡಾಡುತ್ತಿದ್ದಾಗ ಅವರ ವ್ಯಾನು ನಮ್ಮ ಅಂಗಳದಲ್ಲಿ ತಾನಾಗಿ ಬಂದು ನಿಲ್ಲುತ್ತಿತ್ತು. ಒಂದು ಸಲವೂ ನಾವು ಕರೆದದ್ದಿಲ್ಲ. ಡ್ರೈವರ್ ಇಲ್ಲದ ದಿನ ಅವರೇ ಓಡಿಸಿದ್ದಾರೆ. ಅಮ್ಮ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಕೊನೆಯ ಪ್ರಯಾಣವೂ ಆ ವ್ಯಾನಿನಲ್ಲೇ ಆಯಿತು. ಆ ಸೀಟಿನ ವಾಸನೆ ನನಗೆ ಈಗಲೂ ನೆನಪಿದೆ.

ಇತ್ತ ಕಚೇರಿಯಲ್ಲಿ ನ್ಯಾಯಾಧೀಶರ ಹೇಳಿಕೆಯ ದಿನದ ಧ್ವನಿ ತೆರೆದೆ. ಮುದುಕಿಯ ಲಾರಿಯ ಮಾತು ಅಲ್ಲಿ ಅರ್ಥವಾಯಿತು. ನ್ಯಾಯಾಧೀಶರ ಹೆಂಡತಿಗೆ ಕ್ಯಾನ್ಸರ್ ಆಗಿತ್ತು. ಚಳಿಗಾಲದಲ್ಲಿ ಮನೆಯೆದುರು ಮೊಣಕಾಲುದ್ದ ಹಿಮ ಬೀಳುವ ಊರು, ತೆಗೆಯದೆ ಕಾರು ರಸ್ತೆಗೆ ಇಳಿಯುವುದಿಲ್ಲ. ಗುತ್ತಿಗೆದಾರ ದಿನಾ ಬೆಳಿಗ್ಗೆ ತನ್ನ ಲಾರಿ ತಂದು, ಗೇಟಿನಿಂದ ಬಾಗಿಲ ತನಕ ಹಿಮ ಸರಿಸಿ, ಒಳಗೂ ಬಾರದೆ, ಒಂದು ಮಾತೂ ಆಡದೆ ಹೋಗುತ್ತಿದ್ದ. ಹೆಂಡತಿ ತೀರಿಹೋದ ಮೇಲೂ ಎರಡು ಚಳಿಗಾಲ ಬಂದ. ಹೇಳುತ್ತ ಹೇಳುತ್ತ ನ್ಯಾಯಾಧೀಶರ ಸ್ವರ ಒಡೆಯಿತು. ಅವರನ್ನು ದ್ವೇಷಿಸಲು ಸಿದ್ಧಳಾಗಿ ಕೂತಿದ್ದ ನಾನು ಪೆಡಲಿನಿಂದ ಕಾಲು ತೆಗೆದುಬಿಟ್ಟೆ. ಹೆಡ್‌ಫೋನ್ ಕಳಚಿ, ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತೆ. ಡಯಾಲಿಸಿಸಿಗೆ ಅಮ್ಮನನ್ನು ಕರೆತರುತ್ತಿದ್ದ ರಸ್ತೆ ಅಲ್ಲಿಂದ ಕಾಣುತ್ತದೆ.

ಮತ್ತೆ ಬಂದು ಕೂತೆ. ಸಮಿತಿಯ ವಕೀಲೆ ಕೇಳಿದರು: "ಈ ಸಂಗತಿಯನ್ನು ಆ ವೃದ್ಧೆಗೆ ತಿಳಿಸಿದಿರಾ?"

"ಸಣ್ಣ ಊರು. ಎಲ್ಲರಿಗೂ ಗೊತ್ತಿತ್ತು."

"ನಿಮ್ಮ ಬಾಯಿಂದ ಹೇಳಿದಿರಾ?"

"ಅವನು ನನ್ನಿಂದ ಯಾವತ್ತೂ ಏನನ್ನೂ ಕೇಳಲಿಲ್ಲ."

ಯಂತ್ರದ ಕರಡಿನಲ್ಲಿ ಹೀಗೆ ಇತ್ತು. ಪ್ರಶ್ನೆ, ಅದರ ಬೆನ್ನಿಗೇ ಉತ್ತರ. ಓದಿದರೆ, ನುರಿತ ಮನುಷ್ಯ ಪ್ರಶ್ನೆಯಿಂದ ನಾಜೂಕಾಗಿ ಜಾರಿಕೊಂಡ ಹಾಗೆ ಕಾಣುತ್ತದೆ. ಆದರೆ ನನ್ನ ಕಿವಿಗೆ ಬಿದ್ದದ್ದು ಬೇರೆ. ಪ್ರಶ್ನೆಯ ಮತ್ತು ಉತ್ತರದ ನಡುವೆ ಬಹಳ ಉದ್ದದ ಮೌನವಿತ್ತು. ಕೋಣೆಯ ಹೀಟರ್ ಗುಂಯ್ ಎನ್ನುವುದು ಕೇಳುತ್ತಿತ್ತು. ಯಾರೋ ಕಾಗದ ಸರಿಸಿದರು. ನ್ಯಾಯಾಧೀಶರು ಒಮ್ಮೆ ಬಾಯಿ ತೆರೆದ ಸದ್ದಾಯಿತು, ಮಾತು ಬರಲಿಲ್ಲ. ಆಮೇಲೆ ಬಂದದ್ದು ಆ ವಾಕ್ಯ. ಅದನ್ನು ಅವರು ಸಮಿತಿಗೆ ಹೇಳಿದ ಹಾಗೆ ಇರಲಿಲ್ಲ. ತನಗೆ ತಾನೇ ಹೇಳಿಕೊಂಡ ಹಾಗೆ ಇತ್ತು.

ನಾನು ಅಲ್ಲಿ 'ದೀರ್ಘ ಮೌನ' ಎಂದು ಗುರುತು ಹಾಕಿದೆ. ಅದರೊಳಗೆ ಕಾಗದದ ಸದ್ದನ್ನೂ, ಬಾಯಿ ತೆರೆದ ಸದ್ದನ್ನೂ ಬೇರೆ ಬೇರೆಯಾಗಿ ದಾಖಲಿಸಿದೆ. ಟೀಮ್ ಲೀಡ್ ಒಪ್ಪಲಿಲ್ಲ.

"ಅಕ್ಕ, ಬಾಯಿ ತೆರೆದದ್ದೆಲ್ಲ ಯಾಕೆ? ಮೊದಲೇ ಒಮ್ಮೆ ವಾಪಸು ಬಂದ ಕೆಲಸ. ಅವರು ಮತ್ತೆ ಎಂತಾದರೂ ಹೇಳಿದರೆ?"

"ಕೇಳಿಸಿದ್ದನ್ನು ಬರೆದಿದ್ದೇನೆ. ಯಥಾವತ್ತು ಅಂದವರು ಅವರೇ ಅಲ್ವಾ?"

"ಉತ್ತರ ಉಂಟಲ್ಲ, ಸಾಕಲ್ಲ?"

"ಈ ಮೌನವೇ ಉತ್ತರ ಮಾರಾಯ. ಕೆಳಗೆ ಇರುವುದು ಸಮಾಧಾನ ಮಾತ್ರ" ಎಂದೆ. ನನ್ನ ಸ್ವರ ನನಗೇ ಜೋರಾಗಿ ಕೇಳಿಸಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಕಾರ್ಕಳದ ವಕೀಲರು ತಮ್ಮ ಜಾಗದಿಂದಲೇ ಹೆಡ್‌ಫೋನ್ ಕೇಳಿ ತರಿಸಿಕೊಂಡು, ಆ ಭಾಗವನ್ನು ಕಣ್ಣುಮುಚ್ಚಿ ಕೇಳಿದರು. "ಬಿಡಿ, ಇರಲಿ. ಹಾಗೇ ಕಳಿಸಿ" ಎಂದರು. ಕಳಿಸಿದೆವು. ಅದು ವಾಪಸು ಬರಲಿಲ್ಲ.

ಅವತ್ತು ಸಂಜೆ ಮಣಿಪಾಲದಿಂದ ಉಡುಪಿಗೆ, ಅಲ್ಲಿಂದ ಕಾಪುವಿಗೆ ಬಸ್ಸಿನಲ್ಲಿ ಬರುವಾಗ ಆ ಮೌನ ಕಿವಿಯಲ್ಲೇ ಇತ್ತು. ಹೋಲಿಕೆ ನನಗೆ ಹಿಡಿಸಲಿಲ್ಲ. ಅಪ್ಪ ಎಲ್ಲಿ, ಆ ಜಡ್ಜ್ ಎಲ್ಲಿ? ಅಪ್ಪ ಯಾರಿಂದಲೂ ಏನನ್ನೂ ಮುಚ್ಚಿಟ್ಟವರಲ್ಲ. ಕಟಪಾಡಿ ದಾಟುವ ತನಕ ಹೀಗೆ ನನ್ನೊಂದಿಗೆ ನಾನೇ ವಾದ ಮಾಡಿದೆ. ಕಾಪುವಿನಲ್ಲಿ ಇಳಿಯುವ ಹೊತ್ತಿಗೆ, ಅಪ್ಪನನ್ನು ಕೇಳದೆ ಇರಲು ನನ್ನಿಂದ ಆಗುವುದಿಲ್ಲ ಎಂದು ಗೊತ್ತಾಗಿತ್ತು. ಸಭೆ ಆ ಭಾನುವಾರವೇ ಇತ್ತು.

ಅಪ್ಪ ಜಗಲಿಯಲ್ಲಿ ಕೂತಿದ್ದರು. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅಪ್ಪ, ವ್ಯಾನಿನ ವಿಷಯ ನೀವು ಸಭೆಯಲ್ಲಿ ಹೇಳ್ತೀರಾ?"

"ಯಾವ ವ್ಯಾನು?" ಎಂದರು. ಯಾವುದೆಂದು ಅವರಿಗೆ ಗೊತ್ತಿತ್ತು.

"ಅಮ್ಮನನ್ನು ಕರೆದುಕೊಂಡು ಹೋದದ್ದು."

"ಅದನ್ನು ಹೇಳ್ಲಿಕ್ಕೆ ಎಂತ ಉಂಟು? ಎಲ್ಲರಿಗೂ ಗೊತ್ತುಂಟಲ್ಲ."

ನ್ಯಾಯಾಧೀಶರ ಬಾಯಿಂದ ಕೇಳಿದ್ದ ಅದೇ ಮಾತು. ಅಷ್ಟೇ ಸಲೀಸು.

"ಗೊತ್ತಿರುವುದು ಬೇರೆ, ನೀವು ಬಾಯಿ ಬಿಟ್ಟು ಹೇಳುವುದು ಬೇರೆ ಅಪ್ಪ."

ಅಪ್ಪನಿಗೆ ಸಿಟ್ಟು ಬಂತು. ನಮ್ಮ ಊರಿನಲ್ಲಿ ಒಂದು ಕಟ್ಟಳೆ ಉಂಟು. ರೋಗಕ್ಕೆ, ಸಾವಿಗೆ ಮಾಡಿದ ಉಪಕಾರವನ್ನು ಸಭೆಯಲ್ಲಿ ಎತ್ತಬಾರದು. ಎತ್ತಿದರೆ ಮಾಡಿದವರಿಗೆ ಅವಮಾನ, ಸತ್ತವರಿಗೂ ಅವಮಾನ. "ನಿನ್ನ ಅಮ್ಮನ ಸಾವನ್ನು ನಾನು ಭಜನಾ ಮಂದಿರದಲ್ಲಿ ಹರಾಜಿಗೆ ಇಡಬೇಕಾ?" ಎಂದರು. "ಅವನು ನನ್ನಲ್ಲಿ ಇವತ್ತಿನವರೆಗೆ ಎಂತ ಕೇಳಿದ್ದಾನೆ? ಒಂದು ಮಾತು ಕೇಳಲಿಲ್ಲ."

"ಹಾಗಾದರೆ ಜಾಗ ಯಾರದ್ದು ಅಪ್ಪ? ಈಗಲೇ ಹೇಳಿ."

ಅಪ್ಪ ಬಾಯಿ ತೆರೆದರು. ಮಾತು ಬರಲಿಲ್ಲ. ಆ ಮೌನವನ್ನು ನಾನು ಹಗಲಿಡೀ ಕೇಳಿ ಬಂದವಳು. ಎದ್ದು ಒಳಗೆ ಹೋದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅನ್ನ ಕಲಸಿಕೊಂಡೇ ಇದ್ದರು, ಬಾಯಿಗಿಡಲಿಲ್ಲ.

ಭಾನುವಾರದ ಸಭೆಗೆ ಹೆಂಗಸರು ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಒಣಮೀನಿನ ಅಕ್ಕ ಕಂಬಕ್ಕೆ ಒರಗಿ ನಿಂತಿದ್ದರು. ಧಣಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಎಲ್ಲರಿಗೂ ಕೈಮುಗಿದು ಬಂದರು. ದೀಪ ಹಚ್ಚಿದ ಮೇಲೆ ಅಪ್ಪ ಎದ್ದರು. ಎದುರಿನ ದೇವರ ಪಟವನ್ನು ನೋಡುತ್ತ ಮಾತಾಡಿದರು, ಯಾರ ಮುಖವನ್ನೂ ನೋಡಲಿಲ್ಲ.

"ನನ್ನ ಹೆಂಡತಿ ಕಾಯಿಲೆಯಲ್ಲಿದ್ದಾಗ ಧಣಿಯವರ ವ್ಯಾನು ನಮ್ಮ ಮನೆಗೆ ಬಂದಿದೆ. ಅವಳ ಹೆಣವೂ ಅದರಲ್ಲೇ ಬಂದದ್ದು. ಹಾಗಾಗಿ ಈ ಜಾಗದ ವಿಷಯದಲ್ಲಿ ನನ್ನ ಮಾತು ನಡೆಯಬಾರದು. ಬೇರೆಯವರು ಹೇಳಿ."

ಧಣಿಯ ಮುಖ ಕೆಂಪಾಯಿತು. "ನಾನು ಅದನ್ನು ಯಾವತ್ತಾದರೂ ಎಣಿಸಿದ್ದೇನಾ ಗುರಿಕಾರರೇ? ಎಂತ ಮಾತು ಇದು!" ಎಂದರು. ಅವರಿಗೆ ನಿಜವಾಗಿಯೂ ನೋವಾಗಿತ್ತು. ನನಗೆ ಅದು ಕಾಣುತ್ತಿತ್ತು, ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಅಪ್ಪ ಕುರ್ಚಿ ಬಿಟ್ಟು ಗಂಡಸರ ನಡುವೆ ಚಾಪೆಯ ಮೇಲೆ ಕೂತರು. ಅವರ ನಂತರದ ಹಿರಿಯರನ್ನು ಎಲ್ಲರೂ ನೋಡಿದರು. ಅವರು ತಲೆ ತಗ್ಗಿಸಿದರು. ಸೊಸೆಯ ಹೆರಿಗೆಗೆ ವ್ಯಾನು ಹೋದದ್ದು ಅವರ ಮನೆಯಿಂದಲೇ. ಅವರ ಪಕ್ಕದವರ ಮಗ ಮಂಗಳೂರಿನ ಆಸ್ಪತ್ರೆಗೆ ಹೋದದ್ದೂ ಅದರಲ್ಲೇ. ಅಪ್ಪ ಒಮ್ಮೆ ಬಾಯಿ ಬಿಟ್ಟದ್ದರಿಂದ ಪ್ರತಿಯೊಬ್ಬರ ಮನೆಯ ವ್ಯಾನೂ ಆ ಮಂದಿರದ ಒಳಗೆ ಬಂದು ನಿಂತ ಹಾಗೆ ಆಗಿತ್ತು. ಕೊನೆಗೆ ಅಪ್ಪ ಅಕ್ಕನನ್ನೇ ಕೇಳಿದರು: "ನೀನಾದರೂ ನಿನ್ನ ಮಾತು ಹೇಳು ಮಗಾ. ಜಾಗ ನಿನ್ನದಲ್ವಾ?"

ಅಕ್ಕ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. "ನನ್ನ ಗಂಡನ ಹೆಣ ಮಣಿಪಾಲದಿಂದ ಬಂದದ್ದೂ ಅದೇ ವ್ಯಾನಿನಲ್ಲಿ ಗುರಿಕಾರರೇ" ಎಂದರು. "ನಾನು ಎಂತ ಹೇಳುವುದು?"

ಅಲ್ಲಿಗೆ ಸಭೆ ಮುಗಿಯಿತು. ಯಾರೂ ತೀರ್ಪು ಕೊಡಲಿಲ್ಲ. ತೀರ್ಪಿಲ್ಲದ ಜಾಗದಲ್ಲಿ ಕಂಬಗಳು ಇದ್ದವು, ಕೆಲವೇ ದಿನಗಳಲ್ಲಿ ಅವುಗಳ ಮೇಲೆ ಶೆಡ್ಡಿನ ಮಾಡು ಬಂತು. ಅಪ್ಪ ಗುರಿಕಾರಿಕೆ ಬಿಟ್ಟರು. ಬಿಡಿ ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮೊದಲು ಸಂಜೆಯಾದರೆ ನಮ್ಮ ಜಗಲಿಯಲ್ಲಿ ನಾಲ್ಕು ಜನ ಕೂತಿರುತ್ತಿದ್ದರು. ಈಗ ದಾರಿಯಲ್ಲಿ ಕಂಡರೆ ನಗುತ್ತಾರೆ, ಒಳಗೆ ಬರುವುದಿಲ್ಲ. ಸಾವಿನ ಉಪಕಾರವನ್ನು ಸಭೆಗೆ ತಂದವರು ಎಂಬ ಮಾತು ಅಪ್ಪನ ಬೆನ್ನ ಹಿಂದೆ ಓಡಾಡುತ್ತಿದೆ. ನಾನು ಕೇಳದೆ ಇದ್ದಿದ್ದರೆ ಅವರು ಆ ಕುರ್ಚಿಯಲ್ಲೇ ಇರುತ್ತಿದ್ದರು, ಅಕ್ಕನ ಜಾಗ ಹೇಗೂ ಹೋಗುತ್ತಿತ್ತು. ಅಪ್ಪನಿಗೆ ಇದನ್ನು ಒಮ್ಮೆ ಹೇಳಿದೆ. "ಹಾಗೆ ಹೇಳಬೇಡ, ಆಗ ಜಾಗ ನಾನೇ ಅವನಿಗೆ ಕೊಟ್ಟುಬಿಟ್ಟ ಹಾಗೆ ಆಗ್ತಿತ್ತು" ಎಂದರು. ಅಷ್ಟೇ ಹೇಳಿ ಬೀಡಿ ಹಚ್ಚಿದರು.

ಆ ನ್ಯಾಯಾಧೀಶರ ಕಲಾಪದ ಕೊನೆಯ ಭಾಗವನ್ನು ನಾನೇ ಮುಗಿಸಿದೆ. ಸಮಿತಿ ಏನು ನಿರ್ಧರಿಸಿತು ಎಂಬುದು ನಮಗೆ ತಿಳಿಯುವುದಿಲ್ಲ. ನಮ್ಮ ಕೈಗೆ ಮಾತುಗಳು ಮಾತ್ರ ಬರುತ್ತವೆ, ಫಲಿತಾಂಶ ಬೇರೆ ಎಲ್ಲೋ ಹೋಗುತ್ತದೆ. ಅಲ್ಲಿಯ ಮುದುಕಿಗೆ ಲಾರಿಯ ವಿಷಯ ಗೊತ್ತಿರಲಿಲ್ಲ, ಮನೆ ಹೋಯಿತು. ಇಲ್ಲಿ ಎಲ್ಲರಿಗೂ ಗೊತ್ತಿತ್ತು, ಜಾಗ ಹೋಯಿತು. ಕಾರ್ಕಳದ ವಕೀಲರು ಹೇಳಿದ ಮದ್ದು ತಪ್ಪಲ್ಲ. ಆದರೆ ಕುರ್ಚಿ ಬಿಟ್ಟವರ ಜಾಗಕ್ಕೆ ಬಂದು ಕೂರಲು ಉಪಕಾರ ಪಡೆಯದ ಒಬ್ಬರಾದರೂ ಊರಿನಲ್ಲಿ ಇರಬೇಕು.

ಮೊನ್ನೆ ಒಂದು ಬೆಳಿಗ್ಗೆ ಅಪ್ಪ ನಾನು ಏಳುವ ಮೊದಲೇ ಎದ್ದಿದ್ದರು. ಅಂಗಳ ಗುಡಿಸಿ, ತೆಂಗಿನ ಗರಿಗಳನ್ನು ಒಂದು ಬದಿಗೆ ಹಾಕಿ, ಮರಳು ತಂದು ಹರಡಿ ಸಮ ಮಾಡಿದ್ದರು. ಒಣಮೀನಿನ ಅಕ್ಕ ಖಾಲಿ ಬುಟ್ಟಿ ಹಿಡಿದು ದಾರಿಯಲ್ಲಿ ಹೋಗುವಾಗ ಕರೆದರು.

"ಇಲ್ಲಿ ಒಣಗಿಸು ಮಗಾ. ಒಳ್ಳೆ ಬಿಸಿಲು ಬೀಳ್ತದೆ. ವಾಸನೆಗೆ ನಾವು ಎಂತ ಹೇಳುವುದಿಲ್ಲ."

ಅಕ್ಕ ಗೇಟಿನ ಹೊರಗೇ ನಿಂತು ಅಂಗಳವನ್ನು ನೋಡಿದರು. ಅವರ ಕಣ್ಣಿನಲ್ಲಿ ಆಸೆ ಇತ್ತು. ಹರಡಿದ ಮರಳಿನ ಆ ತುದಿಯಿಂದ ಈ ತುದಿಯವರೆಗೆ ಕಣ್ಣಿನಲ್ಲೇ ಅಳೆದರು.

"ಬೇಡ ಗುರಿಕಾರರೇ" ಎಂದರು. ಅಪ್ಪನನ್ನು ಈಗಲೂ ಹಾಗೆ ಕರೆಯುವವರು ಅವರೊಬ್ಬರೇ. "ನಾಳೆ ಯಾವುದಾದರೂ ಸಭೆಯಲ್ಲಿ ನಿಮ್ಮ ಎದುರಿಗೆ ನಾನು ಬಾಯಿ ಬಿಡಬೇಕಾಗಿ ಬಂದರೆ?"

ಬುಟ್ಟಿಯನ್ನು ತಲೆಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು. ಅಪ್ಪ ಪೊರಕೆ ಹಿಡಿದು ಅಂಗಳದ ನಡುವೆ ನಿಂತೇ ಇದ್ದರು. ನಾನು ಕೆಲಸಕ್ಕೆ ಹೊರಡುವಾಗ, ಅವರು ಹರಡಿದ ಮರಳನ್ನು ಮತ್ತೆ ಗುಡಿಸಿ ಒಟ್ಟು ಮಾಡುತ್ತಿದ್ದರು.